ಧೂಳು ಒಬ್ಬರ ಕೈಲಿ, ಲೆಕ್ಕ ಇನ್ನೊಬ್ಬರ ಕೈಲಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಚಳಿ ಶುರುವಾದ ಮೇಲೆ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಗಾಳಿಯದ್ದೇ. ಹೊಗೆ, ಧೂಳು, ವಾಸನೆ, ಕೆಮ್ಮು. ಕೊನೆಗೆ ಎಲ್ಲರೂ ಕೇಳುವುದು ಒಂದೇ, ಪಾಲಿಕೆಯವರು ಏನು ಮಾಡುತ್ತಿದ್ದಾರೆ ಅಂತ. ಅದಕ್ಕೇ ಈ ಸಲ ಬೇರೆ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟು ಇವನ್ನಷ್ಟೇ ತೆಗೆದುಕೊಂಡಿದ್ದೇನೆ. ಹೆಸರು ಹಾಕಬೇಡಿ ಅಂತ ತುಂಬಾ ಜನ ಕೇಳಿದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ನನ್ನ ಫೋನಿನಲ್ಲಿರುವ ಆ್ಯಪ್ ಮೈಸೂರಿನ ಗಾಳಿ 50, ಚೆನ್ನಾಗಿದೆ ಅನ್ನುತ್ತದೆ. ಮಗನ ಫೋನಿನಲ್ಲಿ ಅದೇ ಹೊತ್ತಿಗೆ 90. ನಮ್ಮ ಮನೆ ಮುಂದೆ ಒಂದು ಬಸ್ಸು ಹೋದರೆ ಕಿಟಕಿ ಮುಚ್ಚಬೇಕು, ಅಷ್ಟು ಧೂಳು. ಯಾವುದನ್ನು ನಂಬಬೇಕು?
– ನಿವೃತ್ತ ಶಿಕ್ಷಕಿ, ವಿಜಯನಗರ, ಮೈಸೂರು

ಮೇಡಂ, ಎರಡು ಆ್ಯಪೂ ಸುಳ್ಳು ಹೇಳುತ್ತಿಲ್ಲ. ನಿಮ್ಮ ಕಿಟಕಿಯಂತೂ ಹೇಳುತ್ತಿಲ್ಲ.

ಮೊದಲು ಆ 50 ಮತ್ತು 90ರ ವಿಷಯ. ಅದಕ್ಕೆ ಎಕ್ಯೂಐ, ಅಂದರೆ ಗಾಳಿ ಗುಣಮಟ್ಟದ ಸೂಚ್ಯಂಕ ಅನ್ನುತ್ತಾರೆ. ಅದು ಗಾಳಿಯಲ್ಲಿರುವ ಕಸದ ತೂಕ ಅಲ್ಲ. ಆ ತೂಕವನ್ನು ಒಂದು ಪಟ್ಟಿಗೆ ಹಾಕಿ ತೆಗೆದ ಅಂಕ. ನಮ್ಮ ದೇಶದ ಪಟ್ಟಿ ಬೇರೆ, ಅಮೆರಿಕದ ಪಟ್ಟಿ ಬೇರೆ. ಒಂದು ಘನ ಮೀಟರ್ ಗಾಳಿಯಲ್ಲಿ ಪಿಎಂ 2.5 ಅನ್ನುವ ಸಣ್ಣ ಕಣ 30 ಮೈಕ್ರೋಗ್ರಾಂ ಇದೆ ಅಂದುಕೊಳ್ಳಿ. ನಮ್ಮ ಪಟ್ಟಿಯಲ್ಲಿ ಅದು 50, ಅಂದರೆ 'ಉತ್ತಮ'. ಅಮೆರಿಕದ ಪಟ್ಟಿಯಲ್ಲಿ ಅದೇ ಗಾಳಿ ಸುಮಾರು 90. ವಿದೇಶಿ ಕಂಪನಿಗಳ ಆ್ಯಪ್‌ಗಳು ಸಾಮಾನ್ಯವಾಗಿ ಅಮೆರಿಕದ ಪಟ್ಟಿ ಹಿಡಿಯುತ್ತವೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 'ಸಮೀರ್' ಆ್ಯಪ್ ನಮ್ಮ ಪಟ್ಟಿ ಹಿಡಿಯುತ್ತದೆ. ಗಾಳಿ ಒಂದೇ, ಪಟ್ಟಿ ಎರಡು, ಅಷ್ಟೇ.

ಇನ್ನು ನಮ್ಮ ಎಕ್ಯೂಐ ಲೆಕ್ಕ ಹೇಗೆ ಅಂದರೆ, ಎಂಟು ಬಗೆಯ ಮಾಲಿನ್ಯಕ್ಕೆ ಬೇರೆಬೇರೆ ಅಂಕ ತೆಗೆದು, ಅದರಲ್ಲಿ ಯಾವುದು ಎಲ್ಲಕ್ಕಿಂತ ಕೆಟ್ಟದಾಗಿದೆಯೋ ಅದನ್ನೇ ಊರಿನ ಅಂಕ ಅಂತ ಹಾಕುತ್ತಾರೆ. ಸರಾಸರಿ ಅಲ್ಲ. ಮಾರ್ಕ್ಸ್ ಕಾರ್ಡಿನಲ್ಲಿ ಏಳು ವಿಷಯ ಪಾಸಾಗಿ ಗಣಿತ ಹೋದರೆ ಅಪ್ಪ ಗಣಿತದ ಬಗ್ಗೆ ಮಾತ್ರ ಮಾತಾಡುತ್ತಾರಲ್ಲ, ಹಾಗೆ. ನಮ್ಮ ಕಡೆ ಆ ಗಣಿತದ ಜಾಗದಲ್ಲಿ ಸಾಮಾನ್ಯವಾಗಿ ಕೂತಿರುವುದು ಧೂಳಿನ ಕಣ, ತುಸು ದಪ್ಪನೆಯ ಪಿಎಂ 10 ಅಥವಾ ಸಣ್ಣ ಪಿಎಂ 2.5.

ಈಗ ನಿಮ್ಮ ಕಿಟಕಿಗೆ ಬರೋಣ. ಮೈಸೂರಿನಲ್ಲಿ ದಿನದ 24 ಗಂಟೆಯೂ ತಾನೇ ಅಳೆದು ಅಂಕಿ ಕಳಿಸುವ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಕೇಂದ್ರ ಹೆಬ್ಬಾಳ 1ನೇ ಹಂತದಲ್ಲಿದೆ. ಆ್ಯಪ್‌ನಲ್ಲಿ 'ಮೈಸೂರು' ಅಂತ ಕಾಣುವುದು ಆ ಜಾಗದ ಗಾಳಿ. ಇಂಥ ಕೇಂದ್ರವನ್ನು ರಸ್ತೆಯ ಅಂಚಿನಲ್ಲಿ, ಮರದ ಕೆಳಗೆ ಇಡುವ ಹಾಗಿಲ್ಲ. ಗಾಳಿ ಎಳೆದುಕೊಳ್ಳುವ ಬಾಯಿ ನೆಲದಿಂದ 3ರಿಂದ 10 ಮೀಟರ್ ಎತ್ತರದಲ್ಲಿರಬೇಕು, ಸುತ್ತ ಬಯಲಿರಬೇಕು. ಊರಿನ ಒಟ್ಟಾರೆ ಗಾಳಿ ಗೊತ್ತಾಗಲಿ ಅಂತಲೇ ಹಾಗೆ ಇಡುವುದು. ನಿಮ್ಮ ರಸ್ತೆಯ ಬಸ್ಸಿನ ಧೂಳು ಅದಕ್ಕೆ ಗೊತ್ತಾಗುವುದಿಲ್ಲ, ಗೊತ್ತಾಗಲಿ ಅಂತ ಇಟ್ಟದ್ದೂ ಅಲ್ಲ.

ಇನ್ನೊಂದು ಮುಖ್ಯ ವಿಷಯ, ಇದನ್ನು ಯಾರೂ ಹೇಳುವುದಿಲ್ಲ. ಕಣಗಳ ಅಂಕ 24 ಗಂಟೆಯ ಸರಾಸರಿಯ ಮೇಲೆ ನಿಂತಿದೆ. ಬೆಳಿಗ್ಗೆ ಒಂದು ಗಂಟೆ ಯಾರೋ ಕಸ ಸುಟ್ಟು ನಿಮ್ಮ ಮನೆ ಹತ್ತಿರ ಪಿಎಂ 2.5 ಮಟ್ಟ 300 ಮೈಕ್ರೋಗ್ರಾಂ ಆಯಿತು, ಉಳಿದ 23 ಗಂಟೆ 30 ಇತ್ತು ಅಂತಿಟ್ಟುಕೊಳ್ಳಿ. ಸರಾಸರಿ ಬರುವುದು 41. ದಿನದ ಮಿತಿ 60. ಕಾಗದದ ಮೇಲೆ ಎಲ್ಲ ಸರಿ! ಆ ಒಂದು ಗಂಟೆ ನಿಮ್ಮ ಗಂಟಲು ಉರಿದದ್ದಕ್ಕೆ ಸರಾಸರಿಯಲ್ಲಿ ಜಾಗ ಇಲ್ಲ. ಹಾಗಾಗಿ ಆ್ಯಪ್ ನೋಡಿ, ಬೇಡ ಅನ್ನುವುದಿಲ್ಲ, ಆದರೆ ಬೀದಿಯ ದೂರು ಕೊಡುವುದಕ್ಕೆ ಆ್ಯಪ್‌ನ ಅಂಕಿಗೆ ಕಾಯಬೇಡಿ.

ಪ್ರಶ್ನೆ: ಮಗಳು ಇಂಗ್ಲೆಂಡಿನಲ್ಲಿದ್ದಾಳೆ. ಅಲ್ಲಿ ಲೈಟ್ ಕಂಬಗಳಿಗೆ ಬೆರಳುದ್ದದ ಪ್ಲಾಸ್ಟಿಕ್ ಕೊಳವೆ ಕಟ್ಟಿರುತ್ತಾರಂತೆ. ಗಾಳಿ ಪರೀಕ್ಷೆಗೆ ಕೌನ್ಸಿಲ್‌ನವರೇ ಕಟ್ಟುವುದಂತೆ. ನಮ್ಮ ಪಾಲಿಕೆಯವರು ಇಂಥದ್ದೇನೂ ಮಾಡುವುದಿಲ್ಲವೇ? ತೆರಿಗೆಯಂತೂ ವರ್ಷಾವರ್ಷ ಕಟ್ಟುತ್ತೇವೆ.
– ಓದುಗರು, ಸರಸ್ವತಿಪುರಂ, ಮೈಸೂರು

ಮಾಡುವುದಿಲ್ಲ ಸರ್. ಆದರೆ ಇದನ್ನು ಬರೀ ಸೋಮಾರಿತನ ಅಂತ ಬೈದು ಮುಗಿಸಬೇಡಿ. ಕಾನೂನೇ ಬೇರೆ ಥರ ಇದೆ.

ನಿಮ್ಮ ಮಗಳು ನೋಡಿದ ಕೊಳವೆಯಲ್ಲಿ ಮೋಟಾರೂ ಇಲ್ಲ, ಕರೆಂಟೂ ಬೇಡ. ಒಂದು ತುದಿಯಲ್ಲಿ ರಾಸಾಯನಿಕ ಸವರಿದ ಜಾಲರಿ ಇರುತ್ತದೆ. ವಾಹನಗಳ ಹೊಗೆಯಲ್ಲಿರುವ ನೈಟ್ರೋಜನ್ ಡೈಆಕ್ಸೈಡ್ ಅದಕ್ಕೆ ಅಂಟಿಕೊಳ್ಳುತ್ತದೆ. ಸುಮಾರು ತಿಂಗಳಿಗೊಮ್ಮೆ ಬಿಚ್ಚಿ ಲ್ಯಾಬಿಗೆ ಕಳಿಸುತ್ತಾರೆ. ಅಗ್ಗದ ಕೆಲಸ. ಅದಕ್ಕೇ ಒಂದೊಂದು ಊರಿನಲ್ಲಿ ಹತ್ತಾರು ಕಂಬಕ್ಕೆ ಕಟ್ಟುವುದಕ್ಕೆ ಸಾಧ್ಯ.

ಅಲ್ಲಿ 1952ರ ಡಿಸೆಂಬರ್‌ನಲ್ಲಿ ಲಂಡನ್ನಿನ ಹೊಗೆಮಂಜಿಗೆ ಸಾವಿರಾರು ಜನ ಸತ್ತರು. 1956ರಲ್ಲಿ ಶುದ್ಧ ಗಾಳಿ ಕಾಯ್ದೆ ಬಂತು. ಮನೆಮನೆಯ ಕಲ್ಲಿದ್ದಲು ಹೊಗೆಗೆ ತಡೆ ಹಾಕುವ ಪ್ರದೇಶಗಳನ್ನು ಗುರುತಿಸುವ ಅಧಿಕಾರ ಸ್ಥಳೀಯ ಕೌನ್ಸಿಲ್‌ಗಳಿಗೆ ಸಿಕ್ಕಿತು. ಆಮೇಲೆ 1995ರ ಪರಿಸರ ಕಾಯ್ದೆ ಇನ್ನೂ ಮುಂದೆ ಹೋಯಿತು. ಕೌನ್ಸಿಲ್ ತನ್ನ ಊರಿನ ಗಾಳಿಯನ್ನು ತಾನೇ ಪರಿಶೀಲಿಸಬೇಕು, ಮಿತಿ ಮೀರಿದ ಕಡೆ ಆ ಜಾಗವನ್ನು ಗಾಳಿ ನಿರ್ವಹಣಾ ಪ್ರದೇಶ ಅಂತ ಘೋಷಿಸಬೇಕು, ಏನು ಮಾಡುತ್ತೇವೆ ಅಂತ ಯೋಜನೆ ಬರೆಯಬೇಕು. ವರ್ಷಕ್ಕೊಂದು ವರದಿಯನ್ನೂ ಕೊಡುತ್ತಾರೆ, ಅದನ್ನು ಯಾರು ಬೇಕಾದರೂ ಓದಬಹುದು. ಅಲ್ಲೂ ಎಲ್ಲ ಸುಸೂತ್ರ ಅಂದುಕೊಳ್ಳಬೇಡಿ ಮತ್ತೆ. ಎಷ್ಟೋ ಕಡೆ ಗಾಳಿ ಅಳೆಯುವುದು ಡಿಸ್ಟ್ರಿಕ್ಟ್ ಕೌನ್ಸಿಲ್, ರಸ್ತೆ ಇರುವುದು ಕೌಂಟಿ ಕೌನ್ಸಿಲ್ ಕೈಲಿ. ಗಾಳಿ ಕೆಟ್ಟಿದೆ ಅಂತ ಗೊತ್ತಿರುವವರಿಗೆ ರಸ್ತೆ ಮುಟ್ಟುವ ಹಕ್ಕಿಲ್ಲ!

ನಮ್ಮಲ್ಲಿ 1981ರ ವಾಯು ಕಾಯ್ದೆ ಈ ಕೆಲಸವನ್ನು ಕೊಟ್ಟಿರುವುದು ಕೇಂದ್ರ ಮತ್ತು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗಳಿಗೆ. ಗಾಳಿ ಅಳೆಯುವುದು, ಕಾರ್ಖಾನೆಗೆ ಸಮ್ಮತಿ ಪತ್ರ ಕೊಡುವುದು, ಮಾತು ಕೇಳದಿದ್ದರೆ ಮುಚ್ಚಿಸುವುದು, ಕರೆಂಟು ಕಡಿಸುವುದು, ಎಲ್ಲ ಮಂಡಳಿ. ವಾಹನದ ಹೊಗೆ ಆರ್‌ಟಿಒ ಮತ್ತು ಪೊಲೀಸರ ಲೆಕ್ಕ. ಪಾಲಿಕೆ ಕೈಲಿರುವುದು ಪೊರಕೆ, ಕಸದ ಗಾಡಿ, ಊರೊಳಗಿನ ರಸ್ತೆ, ಕಟ್ಟಡದ ಲೈಸೆನ್ಸು, ಹೋಟೆಲು ಅಂಗಡಿಗಳ ಲೈಸೆನ್ಸು, ಪಾರ್ಕು, ಸ್ಮಶಾನ. ನೋಡಿ, ಊರಿನ ಧೂಳು ಹೊಗೆಯ ದೊಡ್ಡ ಪಾಲು ಈ ಎರಡನೇ ಪಟ್ಟಿಯಿಂದಲೇ ಏಳುವುದು. ಆದರೆ ಅದರ ಲೆಕ್ಕ ಬರೆಯುವವರು ಮೊದಲನೇ ಪಟ್ಟಿಯವರು. ನನ್ನ ಪ್ರಕಾರ ನಮ್ಮ ಊರುಗಳ ಗಾಳಿಯ ಕಥೆಯಲ್ಲಿ ಇದೇ ದೊಡ್ಡ ತೊಡಕು. ಪಾಲಿಕೆಗೆ ಹೋಗಿ 'ಪಿಎಂ 10 ಎಷ್ಟಿದೆ' ಅಂತ ಕೇಳಿದರೆ ಮಂಡಳಿ ಕಡೆ ಕೈ ತೋರಿಸುತ್ತಾರೆ. ಮಂಡಳಿಗೆ ಹೋಗಿ 'ರಸ್ತೆ ಯಾಕೆ ಗುಡಿಸಿಲ್ಲ' ಅಂದರೆ ಪಾಲಿಕೆ ಕಡೆ ತೋರಿಸುತ್ತಾರೆ. ಇಬ್ಬರೂ ಹೇಳುವುದು ನಿಜವೇ. ಹಾಗಾಗಿ ಅಂಕಿಯನ್ನು ಮಂಡಳಿಗೆ ಕೇಳಿ, ಕೆಲಸವನ್ನು ಪಾಲಿಕೆಗೆ ಕೇಳಿ. ಅದಲು ಬದಲು ಮಾಡಿದರೆ ಸುಮ್ನೆ ಓಡಾಟ.

ಹೆಬ್ಬಾಳದ ತಾನೇ ಅಳೆಯುವ ಕೇಂದ್ರ ಬಿಟ್ಟರೆ ರಾಷ್ಟ್ರೀಯ ಕಾರ್ಯಕ್ರಮದಡಿ ಕೈಯಿಂದ ಅಳೆಯುವ ಕೇಂದ್ರಗಳೂ ಇರುತ್ತವೆ. ಅಲ್ಲಿ ವಾರಕ್ಕೆ ಎರಡು ದಿನ, ವರ್ಷಕ್ಕೆ 104 ದಿನ ಅಳೆಯಬೇಕು ಅನ್ನುವುದು ಲೆಕ್ಕ. ಫಿಲ್ಟರ್ ಕಾಗದ ತೂಗಿ, ಯಂತ್ರಕ್ಕೆ ಹಾಕಿ, ಎಂಟೆಂಟು ಗಂಟೆ ಗಾಳಿ ಎಳೆಸಿ, ಮತ್ತೆ ತೂಗುತ್ತಾರೆ. ಹೆಚ್ಚಾದ ತೂಕವೇ ಧೂಳು. ಹಳೇ ಪದ್ಧತಿ, ಆದರೆ ನಂಬಬಹುದಾದ ಪದ್ಧತಿ.

ದುಡ್ಡಿನ ವಿಷಯವೂ ಒಂದಿದೆ. 2019ರ ಜನವರಿಯಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಶುರು ಮಾಡಿತು. ಅದರ ಪಟ್ಟಿಯಲ್ಲಿ ಈಗ 130 ಊರು. ನಮ್ಮ ರಾಜ್ಯದ್ದು ನಾಲ್ಕು: ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ. ಬಹುಮಟ್ಟಿಗೆ ಐದು ವರ್ಷ ಸತತವಾಗಿ ಮಿತಿ ಮೀರಿದ ಊರುಗಳನ್ನು ಆರಿಸಿದ ಪಟ್ಟಿ ಅದು. ಮೈಸೂರು ಅದರಲ್ಲಿಲ್ಲ. ಸಂತೋಷದ ವಿಷಯವೇ. ಆದರೆ ಪಟ್ಟಿಯಲ್ಲಿದ್ದವರಿಗೆ ಗಾಳಿಗೇ ಅಂತ ಯೋಜನೆ ಬರೆಯುವ ಕಟ್ಟುಪಾಡು ಇದೆ, ಗುಡಿಸುವ ಯಂತ್ರಕ್ಕೆ ಹಣ ಕೇಳುವುದಕ್ಕೆ ದಾರಿ ಇದೆ. ಮೈಸೂರಿಗೆ ಆ ಒತ್ತಡವೂ ಇಲ್ಲ, ಆ ಹಣವೂ ಇಲ್ಲ. ಕೆಟ್ಟ ಮೇಲೆ ಮಾತ್ರ ಔಷಧಿ ಕೊಡುತ್ತೇವೆ ಅನ್ನುವ ಹಾಗಾಯಿತು ಅಲ್ವಾ?

ಒಂದು ದಾಖಲೆ ಮಾತ್ರ ನೀವು ಕೇಳಿ ನೋಡಲೇಬೇಕು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಆದೇಶದ ಮೇಲೆ ಪ್ರತಿ ಜಿಲ್ಲೆಯೂ ಜಿಲ್ಲಾ ಪರಿಸರ ಯೋಜನೆ ಬರೆಯಬೇಕು. ಕಸ, ಕೊಳಚೆ ನೀರಿನ ಜೊತೆ ಗಾಳಿಗೂ ಅದರಲ್ಲಿ ಒಂದು ಭಾಗ ಇರುತ್ತದೆ. ಜಿಲ್ಲಾಧಿಕಾರಿಗಳ ಕಚೇರಿಗೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಅದರ ಪ್ರತಿ ಕೇಳಿ, ಗಾಳಿಯ ಭಾಗದಲ್ಲಿ ಬರೆದಿದ್ದರಲ್ಲಿ ಎಷ್ಟು ಆಗಿದೆ ಅಂತಲೂ ಕೇಳಿ. ಉತ್ತರಕ್ಕೆ 30 ದಿನದ ಗಡುವಿದೆ.

ಪ್ರಶ್ನೆ: ನಮ್ಮ ಬೀದಿಯಲ್ಲಿ ಗುಡಿಸುವವರು ಎಲೆಗಳನ್ನು ಒಟ್ಟು ಮಾಡಿ ಅಲ್ಲೇ ಬೆಂಕಿ ಹಚ್ಚಿ ಹೋಗುತ್ತಾರೆ. ಜೊತೆಗೆ ಪ್ಲಾಸ್ಟಿಕ್ ಕವರ್ ಕೂಡ. ಅತ್ತೆಯವರಿಗೆ ಉಬ್ಬಸ. ಹೇಳಿದರೆ 'ಗಾಡಿ ಬರಲ್ಲ ಅಕ್ಕ, ನಾವೇನ್ ಮಾಡೋಣ' ಅನ್ನುತ್ತಾರೆ. ದಂಡ ಇದೆಯಂತೆ, ನಿಜವಾ?
– ಗೃಹಿಣಿ, ಮೈಸೂರು

ನಿಜ. ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್ 22ರಂದು ಬಯಲಲ್ಲಿ ಕಸ ಸುಡುವುದನ್ನು ದೇಶಪೂರ್ತಿ ನಿಷೇಧಿಸಿತು. ಸಣ್ಣ ಪ್ರಮಾಣದಲ್ಲಿ ಸುಟ್ಟರೆ 5,000 ರೂಪಾಯಿ, ರಾಶಿ ಹಾಕಿ ಸುಟ್ಟರೆ 25,000. ಅದೇ ವರ್ಷದ ಘನತ್ಯಾಜ್ಯ ನಿಯಮಗಳಲ್ಲೂ ಸುಡಬಾರದು ಅಂತಲೇ ಇತ್ತು. ಎಲೆ ಕಸವೇ, ಅದನ್ನೂ ಸುಡುವ ಹಾಗಿಲ್ಲ. 'ಎಲೆ ಹೊಗೆ ಸೊಳ್ಳೆಗೆ ಒಳ್ಳೇದು' ಅನ್ನುವ ಹಿರಿಯರು ಎಲ್ಲ ಬೀದಿಯಲ್ಲೂ ಒಬ್ಬರಿರುತ್ತಾರೆ. ಅವರ ಜೊತೆ ವಾದ ಬೇಡ. ಆದರೆ ಅರೆಬರೆ ಒಣಗಿದ ಎಲೆ ಉರಿಯುವುದಿಲ್ಲ, ಹೊಗೆಯಾಡುತ್ತದೆ, ಸಣ್ಣ ಕಣ ಜಾಸ್ತಿ ಬರುವುದೇ ಆಗ. ಚಳಿಗಾಲದ ಬೆಳಿಗ್ಗೆ ನೆಲದ ಹತ್ತಿರದ ಗಾಳಿ ತಣ್ಣಗೆ ಕೂತಿರುತ್ತದೆ, ಮೇಲಿನ ಬೆಚ್ಚನೆಯ ಗಾಳಿ ಅದನ್ನು ಮೇಲೇರಲು ಬಿಡುವುದಿಲ್ಲ. ಆರೂವರೆಗೆ ಹಚ್ಚಿದ ಬೆಂಕಿಯ ಹೊಗೆ ಎಂಟೂವರೆವರೆಗೂ ನಿಮ್ಮ ಬೀದಿಯಲ್ಲೇ ಸುತ್ತುವುದು ಅದಕ್ಕೇ. ಅಷ್ಟೊತ್ತಿಗೆ ಮಕ್ಕಳು ಸ್ಕೂಲ್ ವ್ಯಾನಿಗೆ ನಿಂತಿರುತ್ತಾರೆ.

ಆದರೆ ದಯವಿಟ್ಟು ಆ ದಂಡದ ಮಾತನ್ನು ಗುಡಿಸುವ ಹೆಂಗಸಿನ ಮುಂದೆ ಆಡಬೇಡಿ. ಆ ಹೊಗೆಯನ್ನು ನಿಮಗಿಂತ ಹತ್ತಿರದಿಂದ ಕುಡಿಯುತ್ತಿರುವವರು ಅವರು. ಆಕೆ ಹೇಳಿದ್ದರಲ್ಲೇ ನಿಮಗೆ ಬೇಕಾದ ದೂರು ಇದೆ: ಗಾಡಿ ಬರುವುದಿಲ್ಲ. ಗುಡಿಸಿದ ಎಲೆಯನ್ನು ಹೊತ್ತುಕೊಂಡು ಹೋಗುವವರಿಲ್ಲ, ಮೇಸ್ತ್ರಿ ಬಂದಾಗ ಬೀದಿ ಮಾತ್ರ ಚೊಕ್ಕಟವಾಗಿರಬೇಕು. ಬೆಂಕಿ ಹಚ್ಚದೆ ಇನ್ನೇನು ಮಾಡುತ್ತಾರೆ? ಹಾಗಾಗಿ 'ಪೌರಕಾರ್ಮಿಕರು ಕಸ ಸುಡುತ್ತಿದ್ದಾರೆ' ಅಂತ ಬರೆಯಬೇಡಿ. 'ಈ ಅಡ್ಡರಸ್ತೆಯಿಂದ ಎಲೆ ಸಾಗಿಸಲು ವಾಹನ ಬರುತ್ತಿಲ್ಲ, ಅದರಿಂದ ಕಸ ಸುಡಲಾಗುತ್ತಿದೆ' ಅಂತ ಬರೆಯಿರಿ. ಮೊದಲನೆಯದಕ್ಕೆ ಒಬ್ಬ ಬಡವರ ಕೆಲಸ ಹೋಗುತ್ತದೆ, ಬೆಂಕಿ ಮುಂದಿನ ವಾರ ಮತ್ತೆ ಶುರು. ಎರಡನೆಯದಕ್ಕೆ ಗಾಡಿಯ ಹೊಣೆ ಹೊತ್ತವರು ಉತ್ತರ ಕೊಡಬೇಕಾಗುತ್ತದೆ.

ಅರ್ಜಿ ಕೊಡಬೇಕಾದ್ದು ನಿಮ್ಮ ವಲಯ ಕಚೇರಿಯಲ್ಲಿ. ಮೈಸೂರು ಪಾಲಿಕೆಗೆ ಒಂಬತ್ತು ವಲಯ ಕಚೇರಿಗಳಿವೆ. ಹೆಲ್ತ್ ಇನ್‌ಸ್ಪೆಕ್ಟರ್ ಹೆಸರಿಗೆ ಒಂದು, ಪರಿಸರ ಎಂಜಿನಿಯರ್ ಹೆಸರಿಗೆ ಒಂದು ಪ್ರತಿ. ದಿನಾಂಕ, ಸಮಯ, ಜಾಗ ಕಾಣುವ ಫೋಟೋ ಇರಲಿ, ಗುಡಿಸುವವರ ಮುಖ ಬೇಡ. ಸ್ವೀಕೃತಿ ಸೀಲು ಹಾಕಿಸಿಕೊಳ್ಳದೆ ಬರಬೇಡಿ. ಬಾಯಲ್ಲಿ ಹೇಳಿದ ದೂರು ಹೊಗೆಗಿಂತ ಬೇಗ ಮಾಯವಾಗುತ್ತದೆ. ಪಕ್ಕದ ಪಾರ್ಕಿನಲ್ಲಿ ಒಂದು ಮೂಲೆ ಸಿಕ್ಕರೆ ಬೀದಿಯವರೇ ಎಲೆಗೊಬ್ಬರದ ಗುಂಡಿ ಮಾಡುತ್ತೇವೆ ಅಂತಲೂ ಅದೇ ಅರ್ಜಿಯಲ್ಲಿ ಸೇರಿಸಿ. ಒಪ್ಪಲಿ ಬಿಡಲಿ, ಕೇಳಿದ್ದು ದಾಖಲೆಯಲ್ಲಿರಲಿ.

ಪ್ರಶ್ನೆ: ಟ್ಯಾಂಕರ್‌ನಲ್ಲಿ ರಸ್ತೆಗೆ ನೀರು ಹಾಕಿಸಿದರೆ ಧೂಳು ಹೋಗುವುದಿಲ್ಲವೇ?
– ಆಟೋ ಚಾಲಕರು, ಅಗ್ರಹಾರ, ಮೈಸೂರು

ಒಂದೆರಡು ಗಂಟೆ ಕೂರುತ್ತದೆ ಅಣ್ಣ, ಹೋಗುವುದಿಲ್ಲ. ಬಿಸಿಲಿಗೆ ಒಣಗಿತು ಅಂದರೆ ಮತ್ತೆ ಎದ್ದೇಳುತ್ತದೆ. ಧೂಳನ್ನು ರಸ್ತೆಯಿಂದ ಎತ್ತಿ ಬೇರೆ ಕಡೆ ಹಾಕಬೇಕು, ಅದಕ್ಕೆ ಹೀರುವ ಯಂತ್ರ ಇರುವ ಗಾಡಿ ಬೇಕು. ಅದಕ್ಕಿಂತ ಮುಖ್ಯ, ಡಾಂಬರಿನ ಅಂಚಿಗೂ ಚರಂಡಿಗೂ ನಡುವೆ ಬಿಟ್ಟಿರುವ ಮಣ್ಣಿನ ಪಟ್ಟಿ. ಬಸ್ಸಿನ ಚಕ್ರ ಆ ಮಣ್ಣಿಗೆ ಇಳಿದು ಹತ್ತಿದಾಗಲೆಲ್ಲ ಹೊಸ ಧೂಳು ರಸ್ತೆಗೆ ಬರುತ್ತದೆ. ಅಲ್ಲಿ ಹುಲ್ಲು ಬೆಳೆಸಲಿ ಅಥವಾ ಕಲ್ಲು ಹಾಕಲಿ, ಎಷ್ಟೋ ಧೂಳು ಅಲ್ಲಿಗೇ ನಿಲ್ಲುತ್ತದೆ. ಕುಡಿಯುವ ನೀರನ್ನಂತೂ ರಸ್ತೆಗೆ ಹಾಕಿಸಬೇಡಿ ಮಾರಾಯ್ರೆ.

ಪ್ರಶ್ನೆ: ನಮ್ಮೂರಿನ ಒಂದು ಆಲೆಮನೆಯಲ್ಲಿ ರಾತ್ರಿ ಹೊತ್ತು ಹಳೇ ಟೈರು, ಪ್ಲಾಸ್ಟಿಕ್ಕು ಹಾಕಿ ಉರಿಸುತ್ತಾರೆ. ಒಣಹಾಕಿದ ಬಟ್ಟೆಯೆಲ್ಲ ಮಸಿ. ಮಾಲೀಕರು ನಮಗೆ ದೂರದ ಸಂಬಂಧ, ಜಗಳ ಆಡುವ ಹಾಗಿಲ್ಲ. ಇದಕ್ಕೆ ಯಾರನ್ನು ಕೇಳಬೇಕು?
– ಪದವಿ ವಿದ್ಯಾರ್ಥಿ, ಮಂಡ್ಯ ತಾಲ್ಲೂಕು

ತಮ್ಮ, ನಿಮ್ಮ ಪತ್ರ ಓದಿ ಬೇಜಾರಾಯಿತು, ಯಾಕೆಂದರೆ ಮಂಡ್ಯದ ಬೆಲ್ಲ ಅಂದರೆ ನಾವೆಲ್ಲ ಎದೆ ತಟ್ಟಿಕೊಂಡು ಹೇಳುವ ಪದಾರ್ಥ. ಅದರ ಒಲೆಗೆ ಟೈರು!

ಮೊದಲು ಯಾಕೆ ಹಾಕುತ್ತಾರೆ ಅಂತ ನೋಡಿ. ಗಾಣದಿಂದ ಬಂದ ಕಬ್ಬಿನ ಸಿಪ್ಪೆಯೇ ಆಲೆಮನೆಯ ಸೌದೆ. ಅದು ಬಿಸಿಲಲ್ಲಿ ಒಣಗಬೇಕು. ಮಳೆ ಹಿಡಿದರೆ, ಮಂಜು ಬಿದ್ದರೆ ಒಣಗುವುದಿಲ್ಲ. ಹಸಿ ಸಿಪ್ಪೆ ಉರಿಯುವುದಿಲ್ಲ, ಕೊಪ್ಪರಿಗೆಯ ಕಬ್ಬಿನ ಹಾಲು ಕಾಯುತ್ತಾ ಕೂರುವುದಿಲ್ಲ, ಹೊತ್ತು ಮೀರಿದರೆ ಬೆಲ್ಲ ಕೆಡುತ್ತದೆ. ಆಗ ಅಗ್ಗಕ್ಕೆ ಸಿಗುವ ಟೈರು, ಪ್ಲಾಸ್ಟಿಕ್ಕು ಒಲೆಗೆ ಹೋಗುತ್ತದೆ. ಟೈರಿನ ಹೊಗೆ ಬರೀ ಮಸಿಯಲ್ಲ. ಕ್ಯಾನ್ಸರ್ ತರುವ ಬೆಂಜೋಪೈರೀನ್‌ನಂಥ ವಸ್ತುಗಳು ಅದರಲ್ಲಿರುತ್ತವೆ. ನಮ್ಮ ದೇಶದ ಗಾಳಿ ಮಾನದಂಡದ 12 ವಸ್ತುಗಳ ಪಟ್ಟಿಯಲ್ಲಿ ಅದೂ ಒಂದು, ಅದರ ಮಿತಿಯನ್ನು ಮೈಕ್ರೋಗ್ರಾಂನಲ್ಲೂ ಹೇಳುವುದಿಲ್ಲ, ನ್ಯಾನೋಗ್ರಾಂನಲ್ಲಿ ಹೇಳುತ್ತಾರೆ, ಅಷ್ಟು ಕಡಿಮೆ ಸಾಕು. ಒಲೆ ಮುಂದೆ ರಾತ್ರಿಯೆಲ್ಲ ಕೂರುವ ಉರಿ ಹಾಕುವವರ ಗತಿ ಯೋಚಿಸಿ.

ನಿಮ್ಮದು ಹಳ್ಳಿ, ಹಾಗಾಗಿ ಮಂಡ್ಯ ನಗರಸಭೆಗೂ ಇದಕ್ಕೂ ಸಂಬಂಧ ಇಲ್ಲ. ಗ್ರಾಮ ಪಂಚಾಯಿತಿಗೆ, ಅಂದರೆ ಪಿಡಿಒ ಅವರಿಗೆ ಅರ್ಜಿ ಕೊಡಿ. ಅದರ ಪ್ರತಿಯನ್ನು ಮಾಲಿನ್ಯ ನಿಯಂತ್ರಣ ಮಂಡಳಿಯ ಮಂಡ್ಯ ಪ್ರಾದೇಶಿಕ ಕಚೇರಿಯ ಪರಿಸರ ಅಧಿಕಾರಿಗೆ ಕಳಿಸಿ. ಒಬ್ಬರೇ ಸಹಿ ಹಾಕಬೇಡಿ, ಸಂಬಂಧ ಉಳಿಯಬೇಕಲ್ಲ. ಊರಿನ ಹತ್ತು ಜನ ಸೇರಿ, 'ತಾಲ್ಲೂಕಿನ ಆಲೆಮನೆಗಳಲ್ಲಿ ಟೈರು, ಪ್ಲಾಸ್ಟಿಕ್ ಸುಡುವುದನ್ನು ತಪಾಸಣೆ ಮಾಡಿ' ಅಂತ ಕೇಳಿದರೆ ಒಂದು ಮನೆಯ ಮೇಲೆ ಬೊಟ್ಟು ಮಾಡಿದ ಹಾಗಾಗುವುದಿಲ್ಲ. ಗ್ರಾಮಸಭೆಯಲ್ಲೂ ಎತ್ತಿ. ಟೈರು ತಂದು ಮಾರುವ ಗಾಡಿ ಯಾವುದು ಅಂತ ಊರಿಗೆಲ್ಲ ಗೊತ್ತಿರುತ್ತದೆ, ಅದನ್ನು ತಡೆದರೆ ಹತ್ತು ಆಲೆಮನೆಗೆ ಒಟ್ಟಿಗೆ ನಿಲ್ಲುತ್ತದೆ.

ಮಾಲೀಕರ ಹತ್ತಿರ ಮಾತಾಡುವ ಹಾಗಿದ್ದರೆ ಸಿಪ್ಪೆ ಒಣಗಿದ್ದನ್ನು ಮಳೆಗೆ ನೆನೆಯದ ಹಾಗೆ ದಾಸ್ತಾನು ಇಡುವ ಶೆಡ್ಡಿನ ಮಾತಿನಿಂದ ಶುರು ಮಾಡಿ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನವರು ಕಬ್ಬಿನ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದವರು, ಒಲೆಯ ಬಗ್ಗೆ ಅಲ್ಲಿ ವಿಚಾರಿಸುವುದರಲ್ಲಿ ತಪ್ಪಿಲ್ಲ. ಶೆಡ್ಡಿಗೆ ಸಾಲ, ಸಹಾಯಧನ ಕೊಡದೆ ಬರೀ ನೋಟಿಸು ಕೊಟ್ಟರೆ ಟೈರು ಮತ್ತೂ ತಡರಾತ್ರಿಗೆ ಹೋಗುತ್ತದೆ, ಅಷ್ಟೇ ಆಗುವುದು. ಅಧಿಕಾರಿಗಳಿಗೂ ಇದನ್ನು ಹೇಳಿ.

ಪ್ರಶ್ನೆ: ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದಾರೆ. ಎಂ-ಸ್ಯಾಂಡ್, ಜಲ್ಲಿ ಎಲ್ಲ ರಸ್ತೆ ಮೇಲೆ. ಟೈಲ್ಸ್, ಗ್ರಾನೈಟ್ ಕೂಡ ಬಯಲಲ್ಲೇ ಕತ್ತರಿಸುತ್ತಾರೆ. ಕೇಳಿದರೆ 'ನೀವು ಕಟ್ಟುವಾಗ ಏನ್ ಮಾಡಿದ್ರಿ' ಅನ್ನುತ್ತಾರೆ!
– ಬ್ಯಾಂಕ್ ಉದ್ಯೋಗಿ, ದಟ್ಟಗಳ್ಳಿ, ಮೈಸೂರು

ಅವರ ಪ್ರಶ್ನೆಗೆ ನೀವೇ ಉತ್ತರ ಹುಡುಕಿಕೊಳ್ಳಿ, ನಾನು ಮಧ್ಯೆ ಬರುವುದಿಲ್ಲ.

ಕೇಂದ್ರ ಪರಿಸರ ಸಚಿವಾಲಯ 2018ರ ಜನವರಿಯಲ್ಲಿ ಕಟ್ಟಡದ ಧೂಳಿಗೇ ಅಂತ ಒಂದು ಅಧಿಸೂಚನೆ ಹೊರಡಿಸಿತು. ಮರಳು, ಮಣ್ಣು ಮುಚ್ಚಿಡಬೇಕು, ನೀರು ಚಿಮುಕಿಸಬೇಕು, ಸುತ್ತ ತಡೆ ಕಟ್ಟಬೇಕು, ಸಾಮಾನು ರಸ್ತೆ ಬದಿ ಹಾಕಬಾರದು, ಕತ್ತರಿಸುವ ಉಜ್ಜುವ ಕೆಲಸ ಬಯಲಲ್ಲಿ ಬೇಡ, ಇಂಥವು. ಆದರೆ ಅದು ಗುರಿಯಿಟ್ಟಿರುವುದು ಪರಿಸರ ಅನುಮತಿ ಬೇಕಾದ ದೊಡ್ಡ ಕಟ್ಟಡಗಳ ಮೇಲೆ ಮತ್ತು ಧೂಳಿನ ಮಿತಿ ಮೀರಿದ ಊರುಗಳ ಮೇಲೆ. 30x40 ಸೈಟಿನ ಮನೆಯ ಮುಂದೆ ಅದನ್ನು ಹಿಡಿದುಕೊಂಡು ಹೋದರೆ ಯಾರೂ ಕೇಳುವುದಿಲ್ಲ. ನಿಮಗೆ ಉಪಯೋಗಕ್ಕೆ ಬರುವುದು ರಸ್ತೆ. ಪಾಲಿಕೆಯ ಒಪ್ಪಿಗೆ ಇಲ್ಲದೆ ಸಾರ್ವಜನಿಕ ರಸ್ತೆಯಲ್ಲಿ ಸಾಮಾನು ರಾಶಿ ಹಾಕುವ ಹಾಗಿಲ್ಲ. ವಲಯ ಕಚೇರಿಗೆ ಫೋಟೋ ಸಮೇತ ಅಷ್ಟು ಮಾತ್ರ ಬರೆಯಿರಿ. ರಾಶಿ ಸೈಟಿನೊಳಗೆ ಹೋದರೆ ಎಷ್ಟೋ ಧೂಳು ಅದರ ಜೊತೆ ಹೋಗುತ್ತದೆ. ಕತ್ತರಿಸುವ ಜಾಗಕ್ಕೆ ಹಸಿರು ನೆಟ್ ಕಟ್ಟಿ, ಬ್ಲೇಡಿಗೆ ನೀರು ಬಿಡಿ ಅಂತ ಕಂಟ್ರಾಕ್ಟರ್‌ಗೆ ಹೇಳಿ. ಕಲ್ಲಿನ ಪುಡಿ ಕೆಲಸದವರ ಶ್ವಾಸಕೋಶಕ್ಕೆ ಸಿಮೆಂಟಿಗಿಂತ ಕೆಟ್ಟದ್ದು.

ಪ್ರಶ್ನೆ: ಸಂಜೆ ಗಾಳಿ ತಿರುಗಿದರೆ ಕಸದ ರಾಶಿಯ ವಾಸನೆ ಮನೆಯೊಳಗೆ ತುಂಬುತ್ತದೆ. ಎಕ್ಯೂಐ ನೋಡಿದರೆ 'ತೃಪ್ತಿಕರ'. ಯಾರಿಗೆ ತೃಪ್ತಿ?
– ಓದುಗರು, ಜೆ.ಪಿ. ನಗರ, ಮೈಸೂರು

ನಿಮ್ಮ ಸಿಟ್ಟು ನ್ಯಾಯವೇ. ಆದರೆ ಎಕ್ಯೂಐಗೆ ಮೂಗಿಲ್ಲ. ಅದರ ಎಂಟು ವಸ್ತುಗಳಲ್ಲಿ ಅಮೋನಿಯ ಇದೆ. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಇಲ್ಲ. ಹಾಗಾಗಿ ವಾಸನೆಗೆ ಬಟ್ಟೆ ಕಟ್ಟಿಕೊಂಡು ಕೂತವರಿಗೂ ಅಂಕ ಚೆನ್ನಾಗೇ ಕಾಣಬಹುದು.

ಮೈಸೂರಿನಲ್ಲಿ ಹಳೇ ಕಸ ಅಂದರೆ ವಿದ್ಯಾರಣ್ಯಪುರಂನ ಸೂಯೇಜ್ ಫಾರಂ, ಎಲ್ಲರಿಗೂ ಗೊತ್ತಿರುವ ವಿಷಯ. ಮೈಸೂರು ಸ್ವಚ್ಛ ನಗರಗಳ ಪಟ್ಟಿಯಲ್ಲಿ ಮೊದಲು ಬಂದಾಗಲೂ ಆ ಕಸದ ಗುಡ್ಡ ಅಲ್ಲೇ ಇತ್ತು. ಕಸದ ರಾಶಿಯೊಳಗೆ ಗಾಳಿಯಾಡದೆ ಕೊಳೆತಾಗ ಬೆಂಕಿ ಹತ್ತುವ ಮೀಥೇನ್ ಅನಿಲ ಹುಟ್ಟುತ್ತದೆ, ಬೇಸಿಗೆಯಲ್ಲಿ ಬೆಂಕಿ ಹಿಡಿದರೆ ಬೇಗ ಆರದೇ ಇರುವುದು ಅದರಿಂದ. 2016ರ ಘನತ್ಯಾಜ್ಯ ನಿಯಮಗಳು ಕಸ ಹಾಕುವ ಜಾಗದಲ್ಲಿ ಗಾಳಿ ಪರೀಕ್ಷೆ ಮಾಡಬೇಕು, ಮೀಥೇನ್ ಇಷ್ಟು ದಾಟಬಾರದು ಅಂತ ಸ್ಪಷ್ಟವಾಗಿ ಬರೆದವು. ಇಲ್ಲಿ ಮಾತ್ರ ಪಾಲಿಕೆ 'ಅಳೆಯುವುದು ನಮ್ಮ ಕೆಲಸ ಅಲ್ಲ' ಅಂತ ಹೇಳುವ ಹಾಗಿಲ್ಲ, ಯಾಕೆಂದರೆ ಜಾಗ ನಡೆಸುವವರು ಅವರೇ, ಅವರನ್ನು ನೋಡಿಕೊಳ್ಳುವುದು ಮಂಡಳಿ. ಕಸದ ಘಟಕದ ಗಾಳಿ ಪರೀಕ್ಷೆಯ ಕಳೆದ ಎರಡು ವರ್ಷದ ವರದಿಗಳನ್ನು ಮಾಹಿತಿ ಹಕ್ಕಿನಲ್ಲಿ ಇಬ್ಬರಿಂದಲೂ ಕೇಳಿ. ಇಬ್ಬರೂ ಕೊಟ್ಟದ್ದನ್ನು ಪಕ್ಕಪಕ್ಕ ಇಟ್ಟು ಓದಿ. ವಾಸನೆ ಬಂದ ದಿನ, ಗಂಟೆಯನ್ನು ಕ್ಯಾಲೆಂಡರಿನ ಮೇಲೆ ಗುರುತು ಹಾಕುತ್ತಾ ಹೋಗಿ. ಬೀದಿಯ ನಾಲ್ಕು ಮನೆಯವರು ಹೀಗೆ ಬರೆದಿಟ್ಟರೆ, ಎಕ್ಯೂಐಗೆ ಇಲ್ಲದ ಮೂಗು ಅರ್ಜಿಗೆ ಬರುತ್ತದೆ.

ಪ್ರಶ್ನೆ: ನಮ್ಮ ಶಾಲೆಗೆ ಗಾಳಿ ಅಳೆಯುವ ಸಣ್ಣ ಸೆನ್ಸರ್ ತರೋಣ ಅಂತಿದ್ದೇವೆ. ಪ್ರಯೋಜನ ಇದೆಯೇ?
– ವಿಜ್ಞಾನ ಶಿಕ್ಷಕರು, ಮದ್ದೂರು

ತನ್ನಿ. ಆದರೆ ಅದು ಏನು ಮಾಡುತ್ತದೆ ಅಂತ ಮಕ್ಕಳಿಗೆ ಮೊದಲು ಹೇಳಿ. ಅದು ಧೂಳನ್ನು ತೂಗುವುದಿಲ್ಲ, ಬೆಳಕು ಹಾಯಿಸಿ ಎಷ್ಟು ಚದುರಿತು ಅಂತ ನೋಡಿ ಅಂದಾಜು ಹೇಳುತ್ತದೆ. ಮಂಜಿನ ಬೆಳಿಗ್ಗೆ ನೀರಿನ ಹನಿಯನ್ನೂ ಧೂಳು ಅಂತ ಎಣಿಸಿ ಜಾಸ್ತಿ ತೋರಿಸುತ್ತದೆ. ಹಾಗಾಗಿ 'ನಮ್ಮ ಶಾಲೆಯಲ್ಲಿ ಇಷ್ಟು' ಅಂತ ಬೋರ್ಡ್ ಹಾಕಬೇಡಿ. ಒಂದೇ ಸೆನ್ಸರನ್ನು ಒಂದೇ ಜಾಗದಲ್ಲಿಟ್ಟು ಬೆಳಿಗ್ಗೆಗೂ ಮಧ್ಯಾಹ್ನಕ್ಕೂ, ಸಂತೆ ದಿನಕ್ಕೂ ಬೇರೆ ದಿನಕ್ಕೂ ಏನು ವ್ಯತ್ಯಾಸ ಅಂತ ಬರೆಸಿ. ಅಷ್ಟಕ್ಕೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಆ ಅಂಕಿಗೆ ಕಾನೂನಿನ ಬೆಲೆ ಇಲ್ಲ, ಅಧಿಕಾರಿಗಳು ಒಪ್ಪಬೇಕು ಅಂತಿಲ್ಲ.

ಪ್ರಶ್ನೆ: ದೀಪಾವಳಿಗೆ ಗಾಳಿ ಅಳೆಯುತ್ತಾರಂತೆ, ಹೌದಾ?
– ಹತ್ತನೇ ತರಗತಿ, ಶ್ರೀರಂಗಪಟ್ಟಣ

ಹೌದು ಪುಟ್ಟ. ಸುಪ್ರೀಂ ಕೋರ್ಟ್ 2018ರಲ್ಲಿ ಕೊಟ್ಟ ತೀರ್ಪಿನ ಮೇಲೆ ಹಬ್ಬದ ಏಳು ದಿನ ಮೊದಲು, ಏಳು ದಿನ ಆಮೇಲೆ ಮಂಡಳಿಯವರು ಅಳೆಯುತ್ತಾರೆ. ಪಟಾಕಿಯಿಂದ ಬರುವ ಬೇರಿಯಂ, ಅಲ್ಯೂಮಿನಿಯಂ ಕೂಡ ನೋಡುತ್ತಾರೆ. ಪಟಾಕಿ ರಾತ್ರಿ 8ರಿಂದ 10 ಮಾತ್ರ ಅಂತ ಹೇಳಿದ್ದೂ ಅದೇ ತೀರ್ಪು. ಅಪ್ಪನಿಗೂ ತೋರಿಸು.

ಪ್ರಶ್ನೆ: ಪಾಲಿಕೆ ಚುನಾವಣೆ ಬಂದಾಗ ವೋಟು ಕೇಳೋಕೆ ಬರುವವರ ಹತ್ತಿರ ಗಾಳಿ ಬಗ್ಗೆ ಏನು ಕೇಳಬೇಕು?
– ಓದುಗರು, ಎನ್.ಆರ್. ಮೊಹಲ್ಲಾ, ಮೈಸೂರು

ಒಳ್ಳೇ ಪ್ರಶ್ನೆ. ಮೈಸೂರು ಪಾಲಿಕೆಯ ಕಳೆದ ಸದಸ್ಯರ ಅವಧಿ 2023ರ ನವೆಂಬರ್‌ನಲ್ಲೇ ಮುಗಿಯಿತು. ಬಂದವರಿಗೆ 'ಮಾಲಿನ್ಯ ಕಡಿಮೆ ಮಾಡ್ತೀರಾ' ಅಂತ ಕೇಳಬೇಡಿ, ಮಾಡ್ತೀವಿ ಅಂದುಬಿಡುತ್ತಾರೆ, ಮಾತು ಮುಗಿಯಿತು. ಕಾರ್ಪೊರೇಟರ್ ಕೈಲಿ ಆಗುವುದನ್ನು ಮಾತ್ರ ಕೇಳಿ. ನಮ್ಮ ವಾರ್ಡಿನ ಎಲೆ ಕಸಕ್ಕೆ ಬೇರೆ ಗಾಡಿ ವಾರದಲ್ಲಿ ಯಾವ ದಿನ ಬರುತ್ತದೆ? ಗುಡಿಸುವ ಯಂತ್ರ ದೊಡ್ಡ ರಸ್ತೆಗೆ ಮಾತ್ರವಾ, ಮಾರ್ಕೆಟ್ ರಸ್ತೆಗೂ ಬರುತ್ತದಾ? ರಸ್ತೆ ಅಗೆದವರು ಮುಚ್ಚದಿದ್ದರೆ ಅವರ ಠೇವಣಿ ಹಿಡಿಯುತ್ತೀರಾ, ಹಿಡಿದದ್ದನ್ನು ವಾರ್ಡ್ ಸಮಿತಿಯಲ್ಲಿ ಹೇಳುತ್ತೀರಾ? ರಸ್ತೆ ಬದಿ ಸೌದೆ ಒಲೆಯಲ್ಲಿ ಬೋಂಡ ಕರಿಯುವವರಿಗೆ ಗ್ಯಾಸ್ ಕೊಡಿಸುತ್ತೀರೋ, ಅಂಗಡಿ ಎತ್ತಿಸುತ್ತೀರೋ? ಈ ಕೊನೇ ಪ್ರಶ್ನೆಗೆ ಯಾರು ತಡವರಿಸದೆ ಉತ್ತರ ಕೊಡುತ್ತಾರೋ ನನಗೂ ಬರೆದು ತಿಳಿಸಿ.